ನಂಟಿಲ್ಲದ ನೆತ್ತರು

ಕೊರಟಗೆರೆ ಸೀಮೆಯಲ್ಲಿ ಹೊಸಬನೊಬ್ಬ ಬಸ್ಸಿನಿಂದ ಇಳಿದರೆ ಅವನನ್ನು ಮೊದಲು ಕೇಳುವುದು ಹೆಸರನ್ನಲ್ಲ. "ಯಾರ ಪೈಕಿ?" ಎಂಬುದು ಮೊದಲ ಪ್ರಶ್ನೆ, ಹೆಸರು, ಉದ್ಯೋಗ, ಬಂದ ಕಾರ್ಯ ಇವೆಲ್ಲ ಆಮೇಲಿನವು. ಹೊಳವನಹಳ್ಳಿಯಲ್ಲಿ ನಾನು ಉಪಾಧ್ಯಾಯನಾಗಿದ್ದ ವರ್ಷಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವುದನ್ನು ಕಲಿತುಕೊಂಡೆ. ಅಲ್ಲಿ ಅಕ್ಕನ ಮಗಳು ತಮ್ಮನಿಗೆ ಹೆಂಡತಿಯಾಗುತ್ತಾಳೆ, ಸೋದರತ್ತೆ ಅತ್ತೆಯೇ ಆಗಿಬಿಡುತ್ತಾಳೆ. ಒಂದೇ ಕರುಳಬಳ್ಳಿ ಬೇಲಿಯ ಮೇಲೆ ಹಬ್ಬಿ, ಸುತ್ತಿ, ಮತ್ತೆ ತನ್ನ ಬುಡಕ್ಕೇ ಬಂದು ನಿಲ್ಲುತ್ತದೆ. ಇದು ಆ ಒಂದು ಹೋಬಳಿಯ ವಿಶೇಷವೇನೂ ಅಲ್ಲ. 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳಲ್ಲಿ ಹುಟ್ಟಿದ ಶಿಶುಗಳ ತಂದೆತಾಯಿಗಳನ್ನು ವಿಚಾರಿಸಿದ ಸಂಶೋಧಕರಿಗೆ, ಮೂರು ಮದುವೆಗಳಲ್ಲಿ ಹತ್ತಿರ ಹತ್ತಿರ ಒಂದು ಬಂಧುಗಳೊಳಗೇ ನಡೆದದ್ದೆಂದು ಕಂಡುಬಂದಿತು. ಇಂಥ ನಾಡಿನಲ್ಲಿ 'ರಕ್ತಸಂಬಂಧ' ಎಂಬ ಮಾತಿಗೆ ಎಷ್ಟು ತೂಕವಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ರಕ್ತವನ್ನು ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಕೊಡುವ ಶಾಸ್ತ್ರವನ್ನು ಬಲ್ಲವರು ಹೇಳುವ ಒಂದು ಮಾತು ನಮ್ಮವರ ಕಿವಿಗೆ ಹಿಡಿಸುವಂಥದಲ್ಲ. ರೋಗಿಗೆ ಸಾಮಾನ್ಯವಾಗಿ ಅತ್ಯಂತ ಸುರಕ್ಷಿತವಾದ ರಕ್ತ ಬಂಧುವಿನದಲ್ಲ. ರೋಗಿಯ ಮುಖವನ್ನೇ ಕಾಣದ, ಆತನಿಂದ ಏನನ್ನೂ ಬಯಸದ, ವರ್ಷ ವರ್ಷವೂ ತಪ್ಪದೆ ಬಂದು ಕೊಟ್ಟು ಹೋಗುವ ಅಪರಿಚಿತನದು. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡುವುದು ನನ್ನ ಉದ್ದೇಶ.

ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ಪ್ರಕಟಿಸಿದಾಗಲೇ ಬಂಧುತ್ವದ ಈ ಅಭಿಮಾನಕ್ಕೆ ಮೊದಲ ಪೆಟ್ಟು ಬಿದ್ದಿತ್ತು. ತನ್ನದನ್ನೂ ಸಹೋದ್ಯೋಗಿಗಳದನ್ನೂ ಸೇರಿಸಿ ಕೆಲವೇ ಮಂದಿಯ ರಕ್ತವನ್ನು ಬೆರಸಿ ನೋಡಿ, ಯಾರದು ಯಾರದರೊಡನೆ ಗರಣೆ ಕಟ್ಟುತ್ತದೆಂಬುದನ್ನು ಆತ ಪಟ್ಟಿ ಮಾಡಿದ. 1930ರಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕ ಬಂದಿತು. ಅಣ್ಣನ ಗುಂಪು ತಮ್ಮನಿಗೆ ಹೊಂದಬೇಕೆಂಬ ನಿಯಮವಿಲ್ಲ. ಬೀದಿಯಲ್ಲಿ ಹೋಗುವ ಯಾರದೋ ಗುಂಪು ಸರಿಯಾಗಿ ಹೊಂದಬಹುದು. ಎ, ಬಿ, ಓ ಎಂಬ ಅಕ್ಷರಗಳು ಶಾಲೆಯ ಮಕ್ಕಳಿಗೂ ಈಗ ಬಾಯಿಪಾಠ. ಆದರೆ ಕೆಂಪುಕಣದ ಮೈಮೇಲಿರುವ ಗುರುತುಗಳು ಅಷ್ಟಕ್ಕೇ ಮುಗಿಯುವುದಿಲ್ಲ. ವಿದ್ವಾಂಸರು ಇದುವರೆಗೆ ನಲವತ್ತಕ್ಕೂ ಹೆಚ್ಚು ಗುಂಪು-ವ್ಯವಸ್ಥೆಗಳನ್ನು ಗುರುತಿಸಿದ್ದಾರೆ.

ನಮ್ಮ ನೆರೆಯ ಕೋಲಾರ ಜಿಲ್ಲೆಯಲ್ಲಿ ಈಚೆಗೆ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ಹೃದಯದ ಶಸ್ತ್ರಚಿಕಿತ್ಸೆಗಾಗಿ ಒಬ್ಬ ಹೆಂಗಸು ಆಸ್ಪತ್ರೆಗೆ ಸೇರಿದ್ದಳು. ಆಕೆಯ ಗುಂಪು ಓ ಪಾಸಿಟಿವ್. ನಮ್ಮಲ್ಲಿ ಅತ್ಯಂತ ಸುಲಭವಾಗಿ ದೊರೆಯುವಂಥದು. ಆದರೂ ಯಾವ ಓ ಪಾಸಿಟಿವ್ ರಕ್ತವೂ ಆಕೆಯದಕ್ಕೆ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರದ ಪ್ರಯೋಗಶಾಲೆಯಲ್ಲಿ ಪರೀಕ್ಷೆಗಿಟ್ಟ ಪ್ರತಿಯೊಂದು ಮಾದರಿಯ ಮೇಲೂ ಆಕೆಯ ರಕ್ತ ತಿರುಗಿಬಿದ್ದಿತು. ಆಗ ಮನೆಮಂದಿಯನ್ನು ಕರೆಸಿದರು. ಇಪ್ಪತ್ತು ಮಂದಿ ಬಂಧುಗಳ ರಕ್ತವನ್ನು ನೋಡಲಾಯಿತು. ಇಪ್ಪತ್ತರಲ್ಲಿ ಒಂದೂ ಹೊಂದಲಿಲ್ಲ. ಕೊನೆಗೆ ವೈದ್ಯರು ಬಹು ಎಚ್ಚರಿಕೆಯಿಂದ, ಹೊರಗಿನ ಒಂದು ಹನಿ ರಕ್ತವನ್ನೂ ಕೊಡದೆ, ಶಸ್ತ್ರಚಿಕಿತ್ಸೆಯನ್ನು ಮುಗಿಸಿದರು. ಆಕೆಯ ಮತ್ತು ಬಂಧುಗಳ ಮಾದರಿಗಳು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿರುವ ಅಂತರರಾಷ್ಟ್ರೀಯ ರಕ್ತಗುಂಪು ಪ್ರಯೋಗಶಾಲೆಗೆ ಹೋದವು. ಹತ್ತು ತಿಂಗಳ ಶೋಧನೆಯ ಮೇಲೆ, ಕ್ರೋಮರ್ ಎಂಬ ವ್ಯವಸ್ಥೆಗೆ ಸೇರಿದ, ಅದುವರೆಗೆ ಯಾರೂ ಕಂಡಿರದ ಗುರುತೊಂದು ಪತ್ತೆಯಾಯಿತು. ಪ್ರಪಂಚದಲ್ಲಿ ಎಲ್ಲರಿಗೂ ಇರುವ ಒಂದು ಗುರುತು ಆಕೆಗೆ ಇಲ್ಲ. ಆದುದರಿಂದ ಎಲ್ಲರ ರಕ್ತವೂ ಆಕೆಯ ದೇಹಕ್ಕೆ ಪರಕೀಯ. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ಇದನ್ನು 'ಕ್ರಿಬ್' ಎಂಬ ಹೆಸರಿನಿಂದ ಸಾರಿದರು. ಆ ಹೆಸರಿನ ಮೊದಲ ಭಾಗ ಕ್ರೋಮರ್, ಉಳಿದದ್ದು ಇಂಡಿಯಾ ಮತ್ತು ಬೆಂಗಳೂರು. ಚಿನ್ನದ ಗಣಿಯ ಜಿಲ್ಲೆಯಿಂದ ಲೋಕಕ್ಕೆ ಹೋದ ಅಪರೂಪದ ವಸ್ತು ಈ ಸಲ ಹೆಂಗಸೊಬ್ಬಳ ತೋಳಿನೊಳಗಿತ್ತು.

ಇದಕ್ಕೆ ಪೂರ್ವಜನೆನ್ನಬಹುದಾದ ಸಂಗತಿ 1952ರಷ್ಟು ಹಿಂದಿನದು. ಮುಂಬಯಿಯಲ್ಲಿ ವೈ. ಎಂ. ಭೇಂಡೆಯವರೂ ಅವರ ಸಂಗಡಿಗರೂ ಕಂಡುಹಿಡಿದ 'ಬಾಂಬೆ ಗುಂಪಿ'ನವರು ಮೇಲುನೋಟಕ್ಕೆ ಓ ಗುಂಪಿನವರಂತೆಯೇ ಕಾಣುತ್ತಾರೆ. ಆದರೆ ಓ ಗುಂಪಿನ ರಕ್ತವೇ ಅವರಿಗೆ ವಿಷ. ತಂದೆತಾಯಿ ಇಬ್ಬರಿಂದಲೂ ಒಂದೇ ಬಗೆಯ ಕೊರತೆ ಬಂದಾಗ ಮಾತ್ರ ಈ ಗುಂಪು ಮೈದೋರುತ್ತದೆ. ಹೀಗಾಗಿ ಬಂಧುಗಳೊಳಗಿನ ಮದುವೆಯಿಂದ ಅದರ ಸಂಭವ ಹೆಚ್ಚು. ಇಂಥ ಅಪರೂಪದ ಗುಂಪುಗಳ ವಿಷಯದಲ್ಲಿ ಮಾತ್ರ ಒಡಹುಟ್ಟಿದವರನ್ನು ಹುಡುಕಿಕೊಂಡು ಹೋಗುವುದಕ್ಕೆ ಅರ್ಥವುಂಟು. ಉಳಿದವರ ಮಟ್ಟಿಗೆ ಬಂಧುವಿನ ತೋಳಿಗಿಂತ ತುಂಬಿದ ಶೀತಪೆಟ್ಟಿಗೆ ಮೇಲು.

ಆದರೆ ಶೀತಪೆಟ್ಟಿಗೆ ತುಂಬಿರಬೇಕಲ್ಲ! ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರು. ಸಿರಾ, ಮಧುಗಿರಿ, ಕೊರಟಗೆರೆಗಳಿಂದ ದೂರ ಅಷ್ಟಿಲ್ಲವಾದರೂ, ಹೆರಿಗೆಯಲ್ಲಿ ರಕ್ತ ಹರಿಯಲು ತೊಡಗಿದ ಹೆಂಗಸಿಗೆ ಯಾವ ದೂರವೂ ಸಣ್ಣದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ನೆರೆಮನೆಯ ಸೊಸೆಯೊಬ್ಬಳನ್ನು ಹೀಗೆಯೇ ಕರೆದೊಯ್ದರು. ಒಂದು ಜೀಪಿನ ತುಂಬ ಜನ, ನಾನೂ ಅದರಲ್ಲಿದ್ದೆ. ಆಸ್ಪತ್ರೆಯ ಹೆಸರು ಬೇಡ. ಅಲ್ಲಿಯವರು, "ಎರಡು ಬಾಟ್ಲಿ ಕೊಡುತ್ತೇವೆ, ನಿಮ್ಮ ಕಡೆಯವರು ಮೊದಲು ಎರಡು ಕೊಡಿ" ಎಂದರು. ಪಡಸಾಲೆಯಲ್ಲಿ ನಿಂತಿದ್ದ ಹನ್ನೊಂದು ಮಂದಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. "ನಮ್ ಹುಡುಗರ ರಕ್ತಾನೇ ಹಾಕಿ ಡಾಕ್ಟ್ರೇ, ಯಾವ್ದೋ ಊರೋರ್ದು ಬ್ಯಾಡ" ಎಂದಳು ಅತ್ತೆ. ಎಲ್ಲರ ಕಣ್ಣೂ ಆ ಹೆಂಗಸಿನ ಮೈದುನನ ಮೇಲೆ ಬಿತ್ತು: ಇಪ್ಪತ್ತಾರರ ಹರೆಯ, ಗಟ್ಟಿ ಆಳು. ಅವನು "ಬೀಡಿ ಸೇದಿ ಬತ್ತೀನಿ" ಎಂದು ಹೊರಗೆ ಹೋದವನು ಮರುದಿನ ಮಧ್ಯಾಹ್ನದವರೆಗೆ ಕಾಣಲಿಲ್ಲ. ಬೇರೆ ಇಬ್ಬರು ಕೊಟ್ಟರು. ಹೆಂಗಸು ಬದುಕಿದಳು, ಬದುಕಿಸಿದ ಬಾಟಲಿಗಳು ಯಾರವೆಂಬುದು ಯಾರಿಗೂ ತಿಳಿಯದು. ಮೈದುನನಿಗೆ ಮಾತ್ರ ಊರಿನ ಕಟ್ಟೆಯ ಮೇಲೆ 'ಪುಕ್ಕಲ' ಎಂಬ ಬಿರುದು ನಿಂತುಹೋಯಿತು.

ಬಹಳ ದಿನಗಳ ಮೇಲೆ ಕೆರೆ ಏರಿಯ ಮೇಲೆ ಸಿಕ್ಕಿದಾಗ ಅವನಾಗಿಯೇ ಹೇಳಿದ: "ಹೆದರ್ಕೊಂಡು ಹೋಗ್ಲಿಲ್ಲ ಮೇಷ್ಟ್ರೇ. ನನ್ ರಕ್ತ ಅತ್ತಿಗೆಗೆ ಕೊಡೋ ಅಂಥದ್ದಲ್ಲ. ಅಣ್ಣನ ಮುಂದೆ ಅದನ್ನ ಹೇಳಕ್ಕಾಯ್ತದಾ?" ನಾನು ಹೆಚ್ಚು ವಿಚಾರಿಸಲಿಲ್ಲ.

ಸಂಶೋಧಕರು ದೊಡ್ಡ ಗ್ರಂಥಗಳಲ್ಲಿ ಹೇಳುವುದನ್ನು ಅವನು ಎರಡು ವಾಕ್ಯಗಳಲ್ಲಿ ಹೇಳಿದನೆಂದು ನನಗೆ ತೋರಿತು. ರಕ್ತಕೇಂದ್ರದಲ್ಲಿ ದಾನಿಗೆ ಕೇಳುವ ಪ್ರಶ್ನೆಗಳು ಬಲು ಖಾಸಗಿಯಾದವು: ಕಾಮಾಲೆಯಾಗಿತ್ತೇ, ಎಲ್ಲೆಲ್ಲಿ ಸಂಪರ್ಕವಿತ್ತು, ಸೂಜಿ ಚುಚ್ಚಿಸಿಕೊಂಡದ್ದುಂಟೇ, ಹಚ್ಚೆ ಹಾಕಿಸಿಕೊಂಡಿರಾ? ತಾನಾಗಿ ಬಂದವನು ಅನುಮಾನವಿದ್ದರೆ ಎದ್ದುಹೋಗಬಹುದು, ಅವನಿಗೆ ನಷ್ಟವಿಲ್ಲ. ಹೊರಗೆ ಹತ್ತು ಮಂದಿ ನೆಂಟರು ಕಾದು ನಿಂತಿರುವಾಗ ಸತ್ಯ ಹೇಳುವ ಧೈರ್ಯ ಎಷ್ಟು ಜನಕ್ಕಿದ್ದೀತು? ಪರೀಕ್ಷೆ ಮಾಡುತ್ತಾರಲ್ಲ ಎನ್ನಬಹುದು. ನಮ್ಮ ದೇಶದಲ್ಲಿ ಪ್ರತಿ ಬಾಟಲಿಗೂ ಏಡ್ಸ್ ರೋಗದ ವೈರಸ್, ಯಕೃತ್ತಿನ ಬಿ ಮತ್ತು ಸಿ ಉರಿಯೂತ, ಸಿಫಿಲಿಸ್, ಮಲೇರಿಯಾ ಈ ಐದರ ಪರೀಕ್ಷೆ ಕಡ್ಡಾಯ. ಆದರೆ ಸೋಂಕು ಮೈಹೊಕ್ಕ ಮೊದಲ ಕೆಲವು ದಿನ ಅಥವಾ ವಾರಗಳಲ್ಲಿ, ಪರೀಕ್ಷೆಯ ಬಗೆಗೆ ತಕ್ಕಂತೆ, ಅದು ಕಣ್ಣಿಗೆ ಬೀಳದೆ ಅಡಗಿರುತ್ತದೆ. ದೇವೀ ಪುರಾಣದ ರಕ್ತಬೀಜಾಸುರನನ್ನು ಬಲ್ಲವರಿಗೆ ಒಂದು ಹನಿಯ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ಆ ಅವಧಿಯಲ್ಲಿ ರೋಗಿಗೆ ಇರುವ ಕಾವಲು ದಾನಿಯ ಸತ್ಯವಚನವೊಂದೇ.

ಹಣಕ್ಕೆ ರಕ್ತ ಮಾರುವವರ ವಿಷಯ ಹೇಳುವುದೇ ಬೇಡ. ಇಂಗ್ಲೆಂಡಿನ ರಿಚರ್ಡ್ ಟಿಟ್ಮಸ್ 1970ರಲ್ಲಿ, ಕೊಳ್ಳುವ ರಕ್ತ ದಾನದ ರಕ್ತಕ್ಕಿಂತ ಅಪಾಯಕಾರಿಯೆಂದು ಎರಡು ದೇಶಗಳನ್ನು ಹೋಲಿಸಿ ವಾದಿಸಿದ. ನಮ್ಮಲ್ಲಿ 'ಕಾಮನ್ ಕಾಸ್' ಸಂಸ್ಥೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1996ರ ಜನವರಿ 4ರಂದು ತೀರ್ಪು ಕೊಟ್ಟ ಮೇಲೆ, 1998ರ ಆರಂಭದಿಂದ ರಕ್ತದ ವ್ಯಾಪಾರ ನಿಂತಿತು. ಕಾನೂನಿನ ಮಟ್ಟಿಗಾದರೂ ನಿಂತಿತು. 2002ರ ರಾಷ್ಟ್ರೀಯ ರಕ್ತನೀತಿ, ನೆಂಟರಿಂದ ಬದಲಿ ರಕ್ತ ಪಡೆಯುವ ಪದ್ಧತಿಯನ್ನೂ ಕ್ರಮೇಣ ಕೈಬಿಡಬೇಕೆಂದಿತು. ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು: ಮೊದಲ ಸಲ ಸ್ವಂತ ಇಚ್ಛೆಯಿಂದ ಕೊಡುವವನಿಗೂ ನೆಂಟನಿಗೋಸ್ಕರ ಕೊಡುವವನಿಗೂ ಸೋಂಕಿನ ಲೆಕ್ಕದಲ್ಲಿ ಹೆಚ್ಚು ಅಂತರವಿಲ್ಲವೆಂದು ಆಫ್ರಿಕದ ಅನುಭವದಿಂದ ಹೇಳುವ ಪಂಡಿತರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ನಿಜವಾಗಿ ಸುರಕ್ಷಿತನಾದವನು ಮತ್ತೆ ಮತ್ತೆ ಬರುವವನು. ಬಂದಾಗಲೆಲ್ಲ ಪರೀಕ್ಷೆಯಾಗಿ, ವರ್ಷಗಳ ದಾಖಲೆ ಅವನ ಹಿಂದೆ ನಿಂತಿರುತ್ತದೆ. ಹಾಗೆಂದ ಮೇಲೆ, ಒಂದು ದಿನ ಜೀಪಿನಲ್ಲಿ ಬಂದ ನೆಂಟನನ್ನು ಬೈದು ಕಳುಹಿಸುವುದಲ್ಲ, ಮುಂದಿನ ವರ್ಷ ತಾನಾಗಿ ಬರುವಂತೆ ಅವನನ್ನು ಒಲಿಸಿಕೊಳ್ಳುವುದು ಜಾಣತನ.

ರೋಗದ ಸೋಂಕಿನ ಭಯವೇ ಇಲ್ಲವೆನ್ನೋಣ; ಆಗಲೂ ನೆಂಟರ ರಕ್ತಕ್ಕೆ ತನ್ನದೇ ಆದ ತೊಡಕುಗಳಿವೆ. ಹೆಂಡತಿಗಾಗಿ ತೋಳು ಚಾಚುವ ಗಂಡನಿಗಿಂತ ಪ್ರಿಯ ದೃಶ್ಯ ಇನ್ನಾವುದು? ಆದರೂ ಇನ್ನೂ ಮಕ್ಕಳಾಗಬೇಕಾದ ಹೆಂಗಸಿಗೆ ಗಂಡನ ರಕ್ತ ಬೇಡವೆನ್ನುತ್ತಾರೆ. ಅವನ ಕಣಗಳ ಗುರುತುಗಳ ವಿರುದ್ಧ ಅವಳ ಮೈ ಪ್ರತಿಕಾಯಗಳನ್ನು ಹುಟ್ಟಿಸಿಕೊಂಡರೆ, ಅದೇ ಗುರುತುಗಳನ್ನು ತಂದೆಯಿಂದ ಪಡೆದು ಹುಟ್ಟುವ ಮುಂದಿನ ಕೂಸಿಗೆ ಗರ್ಭದಲ್ಲೇ ಕಂಟಕ. ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರ ರಕ್ತದಲ್ಲಿ ಇನ್ನೊಂದು ಗಂಡಾಂತರ ಅಡಗಿದೆ. ಕೊಟ್ಟ ರಕ್ತದಲ್ಲಿರುವ ಕೆಲವು ಬಿಳಿಕಣಗಳನ್ನು ರೋಗಿಯ ದೇಹ 'ಇವರು ನಮ್ಮವರೇ' ಎಂದು ಬಗೆದು ಸುಮ್ಮನಿದ್ದುಬಿಡುತ್ತದೆ. ಆ ಕಣಗಳಾದರೋ ರೋಗಿಯನ್ನು 'ನಮ್ಮವನಲ್ಲ' ಎಂದು ಕಂಡು, ಒಳಗಿನಿಂದಲೇ ಯುದ್ಧ ಹೂಡುತ್ತವೆ. ಅಪರೂಪದ ರೋಗ, ಆದರೆ ಬಂದರೆ ಬದುಕುವವರು ವಿರಳ. ಹತ್ತಿರದ ಬಂಧುವಿನ ರಕ್ತವನ್ನು ಕೊಡಲೇಬೇಕಾದರೆ ಮೊದಲು ವಿಕಿರಣಕ್ಕೊಡ್ಡಿ ಆ ಬಿಳಿಕಣಗಳ ಹಲ್ಲು ಕೀಳಬೇಕೆಂಬ ನಿಯಮ ಇದಕ್ಕಾಗಿಯೇ. ಅಕ್ಕನ ಮಗಳನ್ನು ತರುವ ನಮ್ಮ ಸೀಮೆಯಲ್ಲಿ ಇದನ್ನು ಮರೆಯುವಂತಿಲ್ಲ.

"ಹೆಂಗಸಿನ ರಕ್ತ ಗಂಡಸಿಗೆ ಆಗ್ತದಾ?" ಎಂದು ಹೊಳವನಹಳ್ಳಿಯಲ್ಲಿ ಒಬ್ಬರು ಕೇಳಿದ್ದರು. ನಗುವ ಪ್ರಶ್ನೆಯಲ್ಲ ಅದು. ದೊಡ್ಡ ದೊಡ್ಡ ವಿಶ್ವವಿದ್ಯಾನಿಲಯಗಳೂ ಅದನ್ನೇ ಕೇಳಿವೆ. ಬಸುರಾಗಿದ್ದ ಹೆಂಗಸರ ರಕ್ತ ಪಡೆದ ಗಂಡಸರಲ್ಲಿ ಸಾವು ಹೆಚ್ಚೆಂದು 2017ರಲ್ಲಿ ಹಾಲೆಂಡಿನಿಂದ ಒಂದು ವರದಿ ಬಂದು ಕಳವಳ ಹುಟ್ಟಿಸಿತ್ತು. ಅಮೆರಿಕದಲ್ಲಿಯೂ ಸ್ವೀಡನ್-ಡೆನ್ಮಾರ್ಕ್‌ಗಳಲ್ಲಿಯೂ ಕೊಟ್ಟವರನ್ನೂ ಪಡೆದವರನ್ನೂ ಒಂದೇ ದಾಖಲೆಯಲ್ಲಿ ಜೋಡಿಸಿಟ್ಟ ದೊಡ್ಡ ಭಂಡಾರಗಳಿವೆ. ಅವುಗಳನ್ನು ಶೋಧಿಸಿದಾಗ 2019ರಲ್ಲಿ ಆ ಭಯಕ್ಕೆ ಆಧಾರ ಸಿಗಲಿಲ್ಲ. ಕೆನಡಾದಲ್ಲಿ 8,719 ರೋಗಿಗಳಿಗೆ ಚೀಟಿ ಎತ್ತಿದಂತೆ ಕೆಲವರಿಗೆ ಹೆಂಗಸರ, ಕೆಲವರಿಗೆ ಗಂಡಸರ ರಕ್ತ ಕೊಟ್ಟು ನೋಡಿ, ಬದುಕಿನ ಅವಧಿಯಲ್ಲಿ ಭೇದವಿಲ್ಲವೆಂದು 2023ರಲ್ಲಿ ಪ್ರಕಟಿಸಿದರು. ಆಗುತ್ತದೆ ಎಂದು ಈಗ ಧೈರ್ಯವಾಗಿ ಹೇಳಬಹುದು.

ಇಷ್ಟೆಲ್ಲ ಜಾಗರೂಕತೆಯಿಂದ ಬಂದ ಬಾಟಲಿ ಕೊನೆಯ ನಾಲ್ಕು ಹೆಜ್ಜೆಗಳಲ್ಲಿ ದಾರಿ ತಪ್ಪಬಹುದು. ನಮ್ಮ ಜಿಲ್ಲೆಯ ಯಾವುದೇ ಹೆರಿಗೆ ವಾರ್ಡಿನಲ್ಲಿ "ಲಕ್ಷ್ಮಮ್ಮ ಯಾರು?" ಎಂದು ಕೂಗಿದರೆ ಕನಿಷ್ಠ ಇಬ್ಬರು ಓಗೊಡುತ್ತಾರೆ, ಒಬ್ಬರ ಗಂಡನ ಹೆಸರೂ ಇನ್ನೊಬ್ಬರ ಗಂಡನ ಹೆಸರೂ ರಂಗಪ್ಪನೆಂದೇ ಇದ್ದರೂ ಆಶ್ಚರ್ಯವಿಲ್ಲ. ಗುಂಪು ತಪ್ಪಿ ರಕ್ತ ಕೊಟ್ಟ ದುರಂತಗಳಲ್ಲಿ ಹೆಚ್ಚಿನವು ಪ್ರಯೋಗಶಾಲೆಯ ಅಜ್ಞಾನದಿಂದಲ್ಲ, ಇಂಥ ಹೆಸರಿನ ಗೊಂದಲದಿಂದಲೇ ಆದವು. ಆದುದರಿಂದ ಹಾಸಿಗೆಯ ಪಕ್ಕದಲ್ಲಿ ಇಬ್ಬರು ನಿಂತು ಹೆಸರಿನ ಜೊತೆಗೆ ಆಸ್ಪತ್ರೆಯ ಸಂಖ್ಯೆಯನ್ನೂ ಓದಿ ತಾಳೆ ನೋಡಬೇಕು. ರಕ್ತ ಏರತೊಡಗಿದ ಮೊದಲ ಹದಿನೈದು ನಿಮಿಷ ದಾದಿ ಅಲ್ಲಿಂದ ಕದಲಬಾರದು. ಇಂಥ ಅನಾಹುತಗಳನ್ನು ಮುಚ್ಚಿಡದೆ ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆ ಫ್ರಾನ್ಸಿನಲ್ಲಿ 1994ರಲ್ಲಿ, ಇಂಗ್ಲೆಂಡಿನಲ್ಲಿ 1996ರಲ್ಲಿ, ನಮ್ಮಲ್ಲಿ 2012ರ ಡಿಸೆಂಬರ್ 10ರಂದು ಆರಂಭವಾಯಿತು. ದಾನಿಗೆ ಆಗುವ ತೊಂದರೆಗಳನ್ನು ಬರೆದಿಡುವ ಏರ್ಪಾಡು 2015ರ ಜೂನ್ 14ರಂದು ಅದಕ್ಕೆ ಜೊತೆಯಾಯಿತು. ಅದು ಲ್ಯಾಂಡ್‌ಸ್ಟೈನರನ ಹುಟ್ಟುಹಬ್ಬದ ದಿನ.

ರಕ್ತ ಹೆಚ್ಚು ಕೊಟ್ಟಷ್ಟೂ ರೋಗಿಗೆ ಒಳ್ಳೆಯದೆಂಬ ನಂಬಿಕೆಯೂ ಈಗ ಉಳಿದಿಲ್ಲ. 1999ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ತೀವ್ರವಾಗಿ ಕಾಯಿಲೆಬಿದ್ದ 838 ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಹಿಮೋಗ್ಲೋಬಿನ್ 7 ಗ್ರಾಮಿಗಿಂತ ಇಳಿದಾಗ, ಇನ್ನೊಂದಕ್ಕೆ 10ಕ್ಕಿಂತ ಇಳಿದಾಗ ರಕ್ತ ಕೊಟ್ಟರು. ಕಡಮೆ ಪಡೆದವರಿಗೆ ಕೇಡೇನೂ ಆಗಲಿಲ್ಲ. ಉಗಾಂಡ ಮತ್ತು ಮಲಾವಿಗಳಲ್ಲಿ ರಕ್ತಹೀನತೆಯಿಂದ ಬಳಲಿದ ಮಕ್ಕಳ ಮೇಲೆ ನಡೆದ, 2019ರಲ್ಲಿ ಬೆಳಕಿಗೆ ಬಂದ ಅಧ್ಯಯನವೂ, ಹಿಮೋಗ್ಲೋಬಿನ್ 4ರಿಂದ 6ರೊಳಗಿದ್ದು ಬೇರೆ ಉಪದ್ರವವಿಲ್ಲದ ಮಕ್ಕಳಿಗೆ ಕೂಡಲೆ ರಕ್ತ ಕೊಟ್ಟರೂ ಕಾದು ನೋಡಿದರೂ ಸಾವಿನ ಲೆಕ್ಕ ಒಂದೇ ಎಂದಿತು. ಹೃದಯಾಘಾತವಾದವರ ಮಾತು ಬೇರೆ ಇರಬಹುದೆಂಬ ಸೂಚನೆ 2023ರಲ್ಲಿ ಬಂದಿದೆ. ಅಲ್ಲಿ ಕೈ ಬಿಗಿಹಿಡಿಯುವುದು ಕ್ಷೇಮವಲ್ಲದಿರಬಹುದು.

ಹರಿಯುವ ರಕ್ತವನ್ನೇ ತಡೆದರೆ ಬಾಟಲಿಯ ಗೊಡವೆಯೇ ಕಡಮೆ. ಈ ವಿಷಯದಲ್ಲಿ ನಮ್ಮ ಬೆಳಗಾವಿ ಲೋಕಕ್ಕೆ ಪಾಠ ಹೇಳಿದೆ. 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರೂ ಅಮೆರಿಕದ ಸಂಗಡಿಗರೂ ಒಂದು ಪ್ರಯೋಗ ನಡೆಸಿದರು. ಹೆರಿಗೆಯಾದೊಡನೆ ದಾದಿ ಬಾಯಿಗೆ ಹಾಕುವ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಅತಿರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಸೋರಿದ ರಕ್ತವನ್ನು ಕಣ್ಣಂದಾಜಿಗೆ ಬಿಡದೆ, ಅಳತೆಗೆರೆ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ನೋಡಿದರು. ಆಸ್ಪತ್ರೆ ದೂರವಿರುವ ಪಾವಗಡದಂಥ ತಾಲ್ಲೂಕಿಗೆ ಆ ಮಾತ್ರೆ, ಆ ಚೀಲ ಎರಡೂ ದೊಡ್ಡ ಯಂತ್ರಗಳಿಗಿಂತ ಹೆಚ್ಚೆಂದು ನನ್ನ ಎಣಿಕೆ.

ಇನ್ನು ಕೊಡುವವರ ಯೋಗಕ್ಷೇಮ. "ಕಸುವು ಹೋಯ್ತದೆ" ಎಂಬ ನಮ್ಮವರ ಭಯವನ್ನು ಶಿಬಿರದವರು ನಕ್ಕು ತಳ್ಳಿಹಾಕುವುದುಂಟು. ಅದು ಪೂರ್ತಿ ಸರಿಯಲ್ಲ. ರಕ್ತದ ನೀರು ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ, ನಿಜ. ಕಬ್ಬಿಣದ ಅಂಶ ಹಾಗೆ ಬೇಗ ತುಂಬುವುದಿಲ್ಲ. 450 ಮಿಲಿಲೀಟರು ಕೊಟ್ಟವನಿಂದ 200 ಮಿಲಿಗ್ರಾಮಿಗೂ ಮಿಕ್ಕಿ ಕಬ್ಬಿಣ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಸುಮಾರು 45,000 ದಾನಿಗಳನ್ನು ಎರಡು ವರ್ಷ ಗಮನಿಸಿ 2017ರಲ್ಲಿ ಹೊರಬಂದ ಅಧ್ಯಯನದಲ್ಲಿ, ಗಂಡಸರು 12 ವಾರಕ್ಕೆ ಬದಲಾಗಿ 8 ವಾರಕ್ಕೊಮ್ಮೆ ಕೊಟ್ಟರೆ ರಕ್ತವೇನೋ ಹೆಚ್ಚು ಸಿಕ್ಕಿತು. ಜೊತೆಗೆ ಆಯಾಸ, ತಲೆಸುತ್ತು, ಕಬ್ಬಿಣದ ಕೊರತೆಗಳೂ ಹೆಚ್ಚಿದವು. ನಮ್ಮ ನಿಯಮ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನಗಳ ಅಂತರವನ್ನು ಹೇಳುತ್ತದೆ. ಹಿಮೋಗ್ಲೋಬಿನ್ 12.5 ಗ್ರಾಮಿಗೂ ತೂಕ 45 ಕಿಲೋಗ್ರಾಮಿಗೂ ಕಡಮೆಯಿದ್ದವರಿಂದ ತೆಗೆಯಕೂಡದು. ಮೊದಲ ಸಲ ಕೊಡುವ ಹರೆಯದವರಲ್ಲಿ ಮೂರ್ಛೆ ಹೋಗುವವರು ಹೆಚ್ಚು. ಮುಂಚೆ ಅರ್ಧ ಲೀಟರು ನೀರು ಕುಡಿಸಿ, ಕೊಟ್ಟ ಮೇಲೆ ಕಾಲು ಗಂಟೆ ಕೂರಿಸಿದರೆ ಅದರ ಸಂಭವ ಕಡಮೆಯಾಗುತ್ತದೆ.

ಹೊಳವನಹಳ್ಳಿಯಲ್ಲಿ ನಾನು ಕಂಡ ಒಂದು ಶಿಬಿರದಲ್ಲಿ ಕಾಲೇಜಿನ ಹುಡುಗಿಯರು ಹುಡುಗರಿಗಿಂತ ಮುಂದಾಗಿ ಸಾಲು ನಿಂತಿದ್ದರು. ಬೆರಳು ಚುಚ್ಚಿ ನೋಡಿದ ಮೇಲೆ ಅವರಲ್ಲಿ ಹೆಚ್ಚಿನವರು ಹಿಂದಿರುಗಬೇಕಾಯಿತು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿ ರಕ್ತಹೀನರೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವುದನ್ನು ಓದಿದ್ದವನಿಗೆ ಅದು ಅಚ್ಚರಿಯಾಗಬೇಕಾಗಿರಲಿಲ್ಲ; ಆದರೂ ಓದುವುದೇ ಬೇರೆ, ಒಬ್ಬೊಬ್ಬಳಾಗಿ ತಲೆ ತಗ್ಗಿಸಿ ಸಾಲು ಬಿಡುವುದನ್ನು ನೋಡುವುದೇ ಬೇರೆ. ದಾನಿಗಳನ್ನು ಹುಡುಕಿ ಬಂದ ವೈದ್ಯೆ ಆ ಮಧ್ಯಾಹ್ನ ರೋಗಿಗಳನ್ನು ಕಂಡಂತಾಯಿತು. ಆಕೆ ಬೇಸರಪಡದೆ ಪ್ರತಿಯೊಬ್ಬಳಿಗೂ ಒಂದು ಚೀಟಿಯಲ್ಲಿ ಅಂಕಿಯನ್ನು ಬರೆದು, ಕಬ್ಬಿಣದ ಮಾತ್ರೆಯ ಪಟ್ಟಿ ಕೊಟ್ಟು, ಅದನ್ನು ಚಹದೊಡನೆ ನುಂಗಬಾರದು, ನಿಂಬೆಯ ಪಾನಕವಾದರೆ ಒಳ್ಳೆಯದು ಎಂದು ತಿಳಿಸುತ್ತಿದ್ದರು. 10.8 ಎಂದು ಬರೆಸಿಕೊಂಡ ಒಬ್ಬಳು ಮಾತ್ರ ಚೀಟಿಯನ್ನು ಎರಡು ಸಲ ಓದಿ, "ಎಷ್ಟು ತಿಂಗಳು ಮಾತ್ರೆ ತಗೊಂಡ್ರೆ ಹನ್ನೆರಡೂವರೆ ಆಗುತ್ತೆ ಮೇಡಂ?" ಎಂದು ಕೇಳಿದಳು. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು ವೈದ್ಯೆ. ಹುಡುಗಿ ಬೆರಳೆಣಿಸಿ, ತಿಂಗಳ ಹೆಸರನ್ನು ಚೀಟಿಯ ಹಿಂದೆ ಗುರುತು ಹಾಕಿಕೊಂಡಳು.